ಐವತ್ತೆರಡನೆಯ ಮನೆ

ಗಂಡ ಮುನಿಸಿಕೊಂಡಿದ್ದರೆ ಎಷ್ಟೋ ವಾಸಿಯಿತ್ತು. ಮುನಿಸಿಗೆ ಒಂದು ಮುಖವಿರುತ್ತದೆ. ಕೆಣಕಬಹುದು, ರಮಿಸಬಹುದು, ತಾನೂ ತಿರುಗಿ ಮುನಿಸಿಕೊಳ್ಳಬಹುದು. ಭಾನುವಾರದಿಂದ ಈಚೆಗೆ ಅವನು ಮಾಡುತ್ತಿರುವುದು ಅದಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಾನೆ, ಕಾಫಿ ಬೇಕೇ ಅಂದರೆ ಬೇಕು ಅನ್ನುತ್ತಾನೆ. ಆದರೆ ಒಂದೊಂದು ಮಾತನ್ನೂ ಹೊರಗೆ ಬಿಡುವ ಮುಂಚೆ ಬಾಯೊಳಗೇ ಹಿಡಿದು, ತಿರುವಿ ನೋಡಿ, ಒದ್ದೆ ನೆಲದ ಮೇಲೆ ಕಾಲಿಡುವವನ ಹಾಗೆ ಇಡುತ್ತಾನೆ. ಇವತ್ತು ಬೆಳಿಗ್ಗೆ ತನ್ನ ಲಾಂಡ್ರಿ ಅಂಗಡಿಗೆ ಹೊರಟವನು ಹೊಸ್ತಿಲಲ್ಲಿ ನಿಂತು "ಸಂಜೆ ಬರೋದು..." ಎಂದು ಶುರು ಮಾಡಿ, ತಡವರಿಸಿ, "ತಡ ಆಗಬಹುದು" ಎಂದು ಮುಗಿಸಿದ. ಮೊದಲಾಗಿದ್ದರೆ ಯಾಕೆ ತಡ, ಯಾರ ಪರದೆಗಳು ಒಗೆಯಲು ಬಂದಿವೆ, ಆ ಮನೆಯಾಕೆ ಹೋದ ಸಲ ಏನಂದಳು, ಎಲ್ಲವನ್ನೂ ಹೇಳುತ್ತ ಹೇಳುತ್ತ ಅರ್ಧ ಮೆಟ್ಟಿಲು ಇಳಿದು, ಏನೋ ನೆನಪಾಗಿ ಮತ್ತೆ ಹತ್ತಿ ಬಂದು ಉಳಿದದ್ದನ್ನೂ ಹೇಳಿ ಹೋಗುತ್ತಿದ್ದ. ಅವಳು ಬಸ್ಸಿನ ಕಂಬಿ ಹಿಡಿದು ನಿಂತು ಆ ತಡವರಿಕೆಯನ್ನೇ ಮತ್ತೆ ಮತ್ತೆ ಕೇಳಿಸಿಕೊಂಡಳು. ಮುಂದಿನ ಸೀಟಿನ ಬೆನ್ನಿಗೆ ಅಂಟಿಸಿದ್ದ ಜಾಹೀರಾತಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಕಣ್ಣು ಅಲ್ಲಿಗೇ ಹೋಯಿತು, ಬೇಡವೆಂದರೂ.

ಭಾನುವಾರ ಅಕ್ಕನ ಮನೆಯಲ್ಲಿ ಊಟ. ಅಕ್ಕನ ಹೊಸ ಬೀಗರು ಬಂದಿದ್ದರು. ಹೊಸ ಕಿವಿಗಳು ಸಿಕ್ಕರೆ ಗಂಡನಿಗೆ ಹುರುಪು, ಅವನು ತಟ್ಟೆಯ ಅಂಚಿಗೆ ಬೆರಳೂರಿ, ಮುಂದಕ್ಕೆ ಬಾಗಿ, "ನಮ್ಮ ಲಾಂಡ್ರೀಲಿ ಒಂದು ಕೋಟಿತ್ತು. ಹದಿನೈದು ವರ್ಷದ ಹಿಂದೆ ಒಬ್ಬರು ಬಂದು, ಒಂದು ನೀಲಿ ಕೋಟು ಕೊಟ್ಟು ಹೋದ್ರು ನೋಡಿ..." ಎಂದು ಶುರು ಮಾಡಿದ. "ಹನ್ನೆರಡು," ಎಂದಳು ಅವಳು. ತಿದ್ದಬೇಕೆಂದು ತಿದ್ದಿದ್ದಲ್ಲ, ಸೊಳ್ಳೆ ಕಚ್ಚಿದ ಜಾಗವನ್ನು ಕೈ ತಾನಾಗಿ ಕೆರೆಯುತ್ತದಲ್ಲ, ಹಾಗೆ. "ಹನ್ನೆರಡೇ ಇರಲಿ. ನೀಲಿ ಕೋಟು..." "ಬೂದು." ಅವನು ನಕ್ಕ. ಬೀಗರೂ ನಕ್ಕರು. "ಕೊಟ್ಟವರ ಪತ್ತೇನೇ ಇಲ್ಲ. ನನಗೆ ಮನುಷ್ಯನ ಮೇಲೆ ಸ್ವಲ್ಪ... ಏನೋ ಅಭಿಮಾನಾಸ್ಪದವಾಗಿ ಕಂಡಿತು." "ಅನುಮಾನಾಸ್ಪದ," ಎಂದಳು. ಈ ಸಲ ಇಡೀ ಪಂಕ್ತಿ ನಕ್ಕಿತು, ಭಾವನಿಗೆ ನೆತ್ತಿಗೆ ಹತ್ತಿ ಕೆಮ್ಮು ಬಂತು. ಗಂಡನೂ ಎಲ್ಲರ ಜೊತೆ ನಕ್ಕು, ನಿಧಾನವಾಗಿ ಹಿಂದಕ್ಕೊರಗಿ, "ಇವಳೇ ಹೇಳ್ತಾಳೆ ಬಿಡಿ, ಇವಳಿಗೆ ಸರಿಯಾಗಿ ಗೊತ್ತು" ಎಂದ. ಮುಖದಲ್ಲಿ ಸಿಟ್ಟಿನ ಗೆರೆಯೂ ಇರಲಿಲ್ಲ. ಎಲ್ಲರ ಕಣ್ಣುಗಳೂ ಅವಳ ಕಡೆಗೆ ತಿರುಗಿದವು. ಅವಳು ಬಾಯಿ ತೆರೆದಳು. ವರ್ಷ ಗೊತ್ತಿತ್ತು, ಬಣ್ಣ ಗೊತ್ತಿತ್ತು, ಕಥೆ ಗೊತ್ತಿರಲಿಲ್ಲ. ಕೋಟಿಗೆ ಕೊನೆಗೆ ಏನಾಯಿತು? ಅವನು ಮನೆಯಲ್ಲಿ ಎಂದಾದರೂ ಹೇಳಿರಬೇಕು, ಅವಳು ಆಗಲೂ ಹೀಗೇ ಕೇಳಿಸಿಕೊಂಡಿರಬೇಕು. ಅಷ್ಟರಲ್ಲಿ ಅಕ್ಕ ಅನ್ನದ ಪಾತ್ರೆ ಹಿಡಿದು ಬಂದಳು, ಬೀಗಿತಿ ಮಂಡಿನೋವಿನ ವಿಷಯ ತೆಗೆದಳು, ಕಥೆ ಅಲ್ಲಿಗೇ ನಿಂತಿತು.

ಮುದ್ರಣಾಲಯದಲ್ಲಿ ಅವಳಿಗೆ ಕೆಂಪಕ್ಕ ಅಂತಲೇ ಹೆಸರು; ಮೈಬಣ್ಣಕ್ಕಲ್ಲ, ಪೆನ್ನಿನ ಬಣ್ಣಕ್ಕೆ. ಮಾಲೀಕನ ತಂದೆಯ ಕಾಲದಿಂದ ಕರಡು ತಿದ್ದುತ್ತಾ ಬಂದವಳು. ಮೊದಲನೆಯ ಮಹಡಿಯ ಕಿಟಕಿಯ ಪಕ್ಕ ಅವಳ ಮೇಜು; ಕೆಳಗೆ ಯಂತ್ರ ಓಡಿದರೆ ನೀರಿನ ಲೋಟದಲ್ಲಿ ಸಣ್ಣ ಸಣ್ಣ ಉಂಗುರ ಏಳುತ್ತವೆ. ಇವತ್ತು ಅವಳು ಬರುವಷ್ಟರಲ್ಲಿ ಮೇಜಿನ ಮೇಲೆ ಹೊಸ ಪುಸ್ತಕ ಕೂತಿತ್ತು, ಇನ್ನೂ ಅಂಟಿನ ವಾಸನೆ ಆರಿರಲಿಲ್ಲ. ಮೇಷ್ಟ್ರ ರಸಾಯನಶಾಸ್ತ್ರ. ಮೇಷ್ಟ್ರು ಎಂದರೆ ನಿವೃತ್ತರಾಗಿ ಎಷ್ಟೋ ವರ್ಷವಾದ ಮುದುಕರು, ಹೈಸ್ಕೂಲು ಮಕ್ಕಳಿಗೆಂದು ಬರೆದ ಪುಸ್ತಕ, ಬಹುಶಃ ಅವರ ಕೊನೆಯ ಪುಸ್ತಕ. ಅವಳ ಕೈ ನೇರವಾಗಿ ಮಡಚಿ ಅಂಟಿಸಿದ್ದ ದೊಡ್ಡ ಹಾಳೆಗೆ ಹೋಯಿತು: ಆವರ್ತ ಕೋಷ್ಟಕ. ಜಗತ್ತಿನ ಮೂಲವಸ್ತುಗಳೆಲ್ಲ ಪುಟ್ಟ ಪುಟ್ಟ ಮನೆಗಳಲ್ಲಿ ಸಾಲಾಗಿ ಕೂತಿದ್ದವು, ಮೂಲೆಯಲ್ಲಿ ಮನೆಯ ನಂಬರು, ನಡುವೆ ಹೆಸರು, ಅಡಿಯಲ್ಲಿ ತೂಕ. ಐವತ್ತೆರಡರಲ್ಲಿ ಅಯೋಡಿನ್, ಐವತ್ತಮೂರರಲ್ಲಿ ಟೆಲ್ಲೂರಿಯಂ. ಅವಳಿಗೆ ಮೂರು ದಿನದಲ್ಲಿ ಮೊದಲ ಸಲ ಮನಸ್ಸು ಕೊಂಚ ಹಗುರಾಯಿತು. ಇದನ್ನು ಹಿಡಿದವಳು ಅವಳೇ. ಕೊನೆಯ ಕರಡಿನಲ್ಲಿ ತೂಕಗಳ ಮೇಲೆ ಬೆರಳು ಓಡಿಸುತ್ತಾ ಹೋದಾಗ ಏರುತ್ತಾ ಬಂದ ಅಂಕಿ ಅಲ್ಲಿ ಒಮ್ಮೆಗೇ ಇಳಿದಿತ್ತು; ಟೆಲ್ಲೂರಿಯಂ ನೂರ ಇಪ್ಪತ್ತೇಳೂವರೆ ಚಿಲ್ಲರೆ, ಪಕ್ಕದ ಅಯೋಡಿನ್ ನೂರ ಇಪ್ಪತ್ತೇಳಕ್ಕೂ ಕಮ್ಮಿ. ಮೇಷ್ಟ್ರ ಹಸ್ತಪ್ರತಿ ನೋಡಿದರೆ ಅದರಲ್ಲೂ ಹಾಗೇ ಇತ್ತು, ನಡುಗುವ ಅಕ್ಷರದಲ್ಲಿ. ಪಾಪ, ವಯಸ್ಸು. ಕೇಳೋಣವೆಂದು ಫೋನಿನ ಮೇಲೆ ಕೈಯಿಟ್ಟು ಹಿಂತೆಗೆದಿದ್ದಳು. ಅವರಿಗೆ ಫೋನು ಮಾಡಿದರೆ ಒಂದು ದೀರ್ಘದ ವಿಷಯ ಕೇಳಿದರೂ ಅವರು ಗಂಧಕದಿಂದ ಶುರು ಮಾಡಿ ನಕ್ಷತ್ರದವರೆಗೆ ಹೋಗಿ ಬರುತ್ತಿದ್ದರು. ಕೆಂಪು ಪೆನ್ನಿನಲ್ಲಿ ಎರಡನ್ನೂ ಅದಲುಬದಲು ಮಾಡಿ, ನಂಬರುಗಳನ್ನು ಮಾತ್ರ ಅಲ್ಲಲ್ಲೇ ಬಿಟ್ಟು, ಪಕ್ಕದಲ್ಲಿ ಒಂದು ಗೆರೆ ಎಳೆದಿದ್ದಳು. ಆ ಗೆರೆ ಎಳೆದಾಗಿನ ಸುಖ ಅವಳ ಬೆರಳಿಗೆ ಇನ್ನೂ ನೆನಪಿತ್ತು.

ಹಾಗಾಗಿ ಮಾಲೀಕ ಬಾಗಿಲಲ್ಲಿ ತಲೆ ಹಾಕಿ "ಕೆಂಪಕ್ಕ, ಮೇಷ್ಟ್ರು ಬರ್ತಾ ಇದಾರಂತೆ. ಕೋಷ್ಟಕದ ಬಗ್ಗೆ ಮಾತಾಡ್ಬೇಕಂತೆ, ನೀವೂ ಬನ್ನಿ" ಎಂದಾಗ ಅವಳಿಗೆ ಕೆಟ್ಟದ್ದೇನೂ ಹೊಳೆಯಲಿಲ್ಲ. ಹೊಳೆದದ್ದು ಹೇಳಲು ನಾಚಿಕೆಯಾಗುವಂಥದು. ಅವರು ಮಾಲೀಕನ ಎದುರು ಏನನ್ನಬಹುದು, ತಾನು ತಲೆತಗ್ಗಿಸಿ "ನಂದೇನಿದೆ ಸಾರ್, ನನ್ನ ಕೆಲಸ ಅಷ್ಟೇ" ಎಂದು ಹೇಗೆ ಹೇಳಬೇಕು. ಬಚ್ಚಲಿಗೆ ಹೋಗಿ ಕನ್ನಡಿ ನೋಡಿ ಕೂದಲು ಸರಿಮಾಡಿಕೊಂಡು ಬಂದಳು. ಸಂಜೆ ಗಂಡನಿಗೆ ಇದನ್ನು ಹೇಳಬಹುದು ಎಂದೂ ಅನಿಸಿತು. ಹೇಳಿ, ಅವನನ್ನು ಮಾತಿಗೆಳೆಯಬಹುದು.

ಮೇಷ್ಟ್ರು ಮಾಲೀಕನ ಕೋಣೆಯಲ್ಲಿ ಪುಸ್ತಕ ಬಿಚ್ಚಿಟ್ಟುಕೊಂಡು ಕೂತಿದ್ದರು. ಗಲ್ಲದ ಒಂದು ಮಗ್ಗುಲಲ್ಲಿ ಕ್ಷೌರ ತಪ್ಪಿಹೋದ ಬಿಳಿಗೂದಲು. ಅವಳು ಒಳಗೆ ಬಂದದ್ದನ್ನು ನೋಡಿ ಎಂದಿನಂತೆ "ಬನ್ನಿ ತಾಯಿ" ಎಂದರು, ಆಮೇಲೆ ಮಾಲೀಕನಿಗೆ, "ನಾನು ಬರೆದುಕೊಟ್ಟಿದ್ದು ಸರಿ ಇತ್ತು. ಮೊದಲ ಕರಡಲ್ಲೂ ಸರಿ ಇತ್ತು. ಪುಸ್ತಕದಲ್ಲಿ ತಿರುಗಾಮುರುಗಾ ಆಗಿದೆ. ಮಕ್ಕಳ ಕೈಗೆ ಇದನ್ನ ಹೇಗೆ ಕೊಡೋದು?" ಎಂದರು. ಧ್ವನಿ ಏರಲಿಲ್ಲ, ಪುಸ್ತಕ ಹಿಡಿದ ಕೈ ಮಾತ್ರ ನಡುಗುತ್ತಿತ್ತು, ಅದು ಯಾವಾಗಲೂ ನಡುಗುವ ಕೈ. ಮಾಲೀಕ ಅವಳ ಮುಖವನ್ನು ಒಂದು ಕ್ಷಣ ನೋಡಿದ. ಅವನಿಗೆ ಗೊತ್ತಿತ್ತು, ಕೆಂಪು ಗೆರೆ ನೋಡಿ ಒಪ್ಪಿಗೆ ಹಾಕಿದವನೇ ಅವನು. "ಕಂಪ್ಯೂಟರಲ್ಲಿ ಎಲ್ಲೋ ಜಾರಿದೆ ಸಾರ್," ಎಂದ. "ಪುಟ ಕೂರಿಸೋವಾಗ ಒಂದೊಂದ್ಸಲ ಹಾಗಾಗುತ್ತೆ." ಮೇಷ್ಟ್ರು "ಎರಡೇ ಎರಡು ಮನೆ, ಅಷ್ಟು ನಾಜೂಕಾಗಿ ಜಾರುತ್ತಾ?" ಎಂದರು.  ಅವಳ ಬಾಯಲ್ಲಿ ಸಿದ್ಧವಾಗಿದ್ದ ಆ ವಿನಯದ ಮಾತು ನುಂಗಲೂ ಆಗದೆ ಉಗುಳಲೂ ಆಗದೆ ಕೂತಿತ್ತು. ಕಂಪ್ಯೂಟರಿನ ಮುಂದೆ ಕೂರುವ ಹೆಂಗಸು ಪಕ್ಕದ ಕೋಣೆಯಲ್ಲೇ ಇದ್ದಳು, ಕೇಳಿಸಿಕೊಂಡಿರಬೇಕು, ಟಕಟಕ ಸದ್ದು ನಿಂತಿತ್ತು. ಏನಾದರೂ ಮಾಡ್ತೀವಿ ಸಾರ್ ಎಂದ ಮಾಲೀಕ. ಮೇಷ್ಟ್ರು ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟು, ಅದನ್ನು ಒಯ್ಯದೆಯೇ ಎದ್ದು ಹೊರಟರು.

ಒಯ್ಯದೆ ಹೋದದ್ದೇ ಅವಳನ್ನು ಎಬ್ಬಿಸಿತು. ಮೆಟ್ಟಿಲಲ್ಲಿ ಅವರು ಕಂಬಿ ಹಿಡಿದು ಒಂದೊಂದು ಮೆಟ್ಟಿಲಿಗೂ ಎರಡು ಕಾಲನ್ನೂ ಜೋಡಿಸಿ ಇಳಿಯುತ್ತಿದ್ದರು. "ಸಾರ್," ಎಂದಳು ಮೇಲಿನಿಂದ. ಅವರು ತಿರುಗಲಿಲ್ಲ, ತಿರುಗಿದರೆ ಆಯ ತಪ್ಪುತ್ತದೆ, ನಿಂತರು. ಅವಳು ಅವರ ಬೆನ್ನಿಗೇ ಹೇಳಿದಳು, "ಕಂಪ್ಯೂಟರ್ ಅಲ್ಲ ಸಾರ್. ನಾನು ಬದಲಾಯಿಸಿದ್ದು. ತೂಕ ಹಿಂದುಮುಂದಾಗಿದೆ ಅಂದ್ಕೊಂಡೆ. ನಿಮಗೆ ಕೈ..." ಎಂದು ನಿಲ್ಲಿಸಿದಳು.

"ನನ್ನ ಕೈ ನಡುಗುತ್ತೆ," ಎಂದರು ಮೇಷ್ಟ್ರು ಕೆಳಗಿನ ಗೋಡೆಯನ್ನು ನೋಡುತ್ತಾ. "ತಲೆ ಇನ್ನೂ ನಡುಗೋಕೆ ಶುರುವಾಗಿಲ್ಲ."

ಕೆಳಗೆ ಯಂತ್ರ ಹಾಳೆಗಳನ್ನು ನುಂಗಿ ನುಂಗಿ ಇಡುತ್ತಿತ್ತು. ಶಾಯಿಯ ಬಿಸಿ ವಾಸನೆ ಮೆಟ್ಟಿಲ ಸಂದಿಯಲ್ಲಿ ಮೇಲೇರಿ ಬರುತ್ತಿತ್ತು. ಅವಳಿಗೆ ಈಗ ತಿರುಗಿ ಹೋಗಬಹುದು, ಹೇಳಿದ್ದಾಯಿತು ಅನಿಸಿತು. ಕಾಲು ಮಾತ್ರ ಕೆಳಗಿಳಿದು ಅವರ ಪಕ್ಕದ ಮೆಟ್ಟಿಲಿಗೆ ಬಂದು ನಿಂತಿತು. "ಫೋನ್ ಮಾಡಿ ಕೇಳ್ಬಹುದಿತ್ತು ನಾನು," ಎಂದಳು. "ಕೇಳ್ಬಹುದಿತ್ತು," ಎಂದರು ಅವರು. "ನಾನು ಬಹಳ ಹೊತ್ತು ಮಾತಾಡ್ತೀನಿ, ಅಲ್ವಾ? ನಮ್ಮ ಸೊಸೇನೂ ಹಾಗೇ ಅಂತಾಳೆ. ಅದಿರಲಿ. ಯಾಕೆ ಹಾಗಿದೆ ಅಂತ ಆ ಅಧ್ಯಾಯದಲ್ಲೇ ಬರ್ದಿದೀನಲ್ಲಮ್ಮ, ಎರಡು ಪುಟ. ನೀವು ಓದಿದೀರಲ್ಲ?" ಅವಳು "ತಿದ್ದಿದೀನಿ ಸಾರ್" ಎಂದಳು. ಆಮೇಲೆ, ಅವರು ಮತ್ತೆ ಕೇಳದಿದ್ದರೂ, "ಓದಿಲ್ಲ" ಎಂದಳು.

ಆಗ ಅವರು ಅವಳ ಕಡೆ ತಿರುಗಿದರು. ಆ ಮುಖದಲ್ಲಿ ನೋವಿತ್ತು, ಅದರ ಹಿಂದೆಯೇ ಇನ್ನೇನೋ ಎದ್ದು ಬರುತ್ತಿತ್ತು. ತರಗತಿಯಲ್ಲಿ ಯಾರೋ ನನಗೆ ಅರ್ಥವಾಗಿಲ್ಲ ಎಂದು ಕೈಯೆತ್ತಿದಾಗ ಮೇಷ್ಟ್ರುಗಳ ಮುಖದಲ್ಲಿ ಏಳುವ ಆಸೆ. "ಕೂತ್ಕೊಳ್ಳಿ," ಎಂದು ತಾವೂ ಕಂಬಿ ಹಿಡಿದು ಮೆಟ್ಟಿಲ ಮೇಲೇ ಕೂತರು. "ಎಲ್ಲ ಮೂಲವಸ್ತುಗಳನ್ನೂ ಹಗುರದಿಂದ ಭಾರಕ್ಕೆ ಒಂದು ಸಾಲಲ್ಲಿ ನಿಲ್ಲಿಸಿ. ಮೊದಲು ಎಲ್ಲರೂ ಹಾಗೇ ಮಾಡಿದ್ದು, ನಿಮ್ಮ ಹಾಗೇ. ಸಾಲು ಹಿಡ್ಕೊಂಡು ನಡೀತಾ ಹೋದ್ರೆ ಇಲ್ಲೊಬ್ಬ ನೀರಿಗೆ ಬಿದ್ದರೆ ಕಿಡಿಕಿಡಿಯಾಗೋನು, ಸೋಡಿಯಂ. ಸ್ವಲ್ಪ ದೂರ ಹೋದ್ರೆ ಅದೇ ಸಿಟ್ಟಿನ ಇನ್ನೊಬ್ಬ, ಪೊಟ್ಯಾಸಿಯಂ. ಇನ್ನೂ ದೂರ ಹೋದ್ರೆ ಮತ್ತೊಬ್ಬ. ಅದೇ ಮೂಗು, ಅದೇ ಕೋಪ. ಆಗೇನು ಮಾಡೋದು? ಸಾಲು ಮುರಿಯೋದು. ಮುರಿದು ತಮ್ಮನನ್ನ ಅಣ್ಣನ ಕೆಳಗೆ ತಂದು ನಿಲ್ಲಿಸೋದು. ಅಡ್ಡಕ್ಕೆ ನೋಡಿದ್ರೆ ಸರದಿ, ಉದ್ದಕ್ಕೆ ನೋಡಿದ್ರೆ ಮನೆತನ. ಅಷ್ಟೇ ಕೋಷ್ಟಕ." ಬೆರಳಿನಿಂದ ಸವೆದ ಮೆಟ್ಟಿಲ ಮೇಲೆ ಗೆರೆ ಎಳೆದರು, ಗೆರೆ ಕಾಣಿಸಲಿಲ್ಲ, ಆದರೂ ಅವಳು ಅಲ್ಲೇ ನೋಡಿದಳು. "ಕ್ಲೋರಿನ್, ಬ್ರೋಮಿನ್, ಅಯೋಡಿನ್ ಒಂದು ಮನೆತನ. ಮೂರಕ್ಕೂ ಬಣ್ಣದ ಆವಿ, ಮೂರೂ ಸೋಡಿಯಂ ಜೊತೆ ಕೂಡಿದ್ರೆ ಉಪ್ಪು. ಪಕ್ಕದ್ದು ಗಂಧಕದ ಮನೆತನ, ಅದು ವಾಸನೆಯ ಮನೆತನ. ಟೆಲ್ಲೂರಿಯಂ ಮೈಗೆ ಸೇರಿದ್ರೆ ಬಾಯಿ ಬೆಳ್ಳುಳ್ಳಿ ಹೊಡೆಯುತ್ತೆ ತಾಯಿ, ಮನೇಲಿ ಯಾರೂ ಹತ್ತಿರ ಸೇರಿಸಲ್ಲ. ಕೋಷ್ಟಕ ಮಾಡಿದ ಆ ಗಡ್ಡದ ಮನುಷ್ಯ ಇಲ್ಲಿ ಬಂದು ನಿಂತ. ತೂಕದ ಪ್ರಕಾರ ಅಯೋಡಿನ್ ಮುಂದೆ ಬರ್ಬೇಕು. ಬಂದ್ರೆ ಹೋಗಿ ಗಂಧಕದ ಮನೇಲಿ ಕೂರುತ್ತೆ. ಅವನು ತೂಕ ಬಿಟ್ಟ, ಸ್ವಭಾವ ಹಿಡಿದ. ತೂಕ ಅಳೆದವರೇ ತಪ್ಪಿರ್ಬೇಕು ಅಂದ."

"ತಪ್ಪಿದ್ರಾ ಸಾರ್?"

"ಇಲ್ಲ!" ಎಂದು ಅವರು ತೊಡೆ ತಟ್ಟಿದರು. "ತೂಕ ಸರಿಯಾಗೇ ಇತ್ತು. ಕೂರಿಸಿದ ಜಾಗ ಸರಿ, ಹೇಳಿದ ಕಾರಣ ತಪ್ಪು. ಅವನು ಸತ್ತ ಮೇಲೆ ಇನ್ನೊಬ್ಬ ಬಂದು ಪರಮಾಣುವಿನ ಎದೆಗೂಡಲ್ಲಿ ಎಷ್ಟು ಪ್ರೋಟಾನು ಅಂತ ಲೆಕ್ಕ ಸಿಗೋ ದಾರಿ ತೋರಿಸಿದ. ಐವತ್ತೆರಡಿದ್ರೆ ಟೆಲ್ಲೂರಿಯಂ, ಐವತ್ತಮೂರಿದ್ರೆ ಅಯೋಡಿನ್. ನೀವು ಮುಟ್ಟದೆ ಬಿಟ್ಟಿರಲ್ಲ, ಆ ನಂಬರು, ಅದು ಪುಟದ ನಂಬರಲ್ಲ. ಅದೇ ಅದರ ಜೀವ. ಟೆಲ್ಲೂರಿಯಂ ಒಳಗೆ ನ್ಯೂಟ್ರಾನು ಅಂತ ಜಾಸ್ತಿ ಸಾಮಾನು ತುಂಬ್ಕೊಂಡಿದೆ, ಅದಕ್ಕೇ ಭಾರ. ತೂಕ ಅನ್ನೋದು ಹೊತ್ತುಕೊಂಡಿರೋ ಗಂಟು. ಗಂಟು ನೋಡಿ ಆಸಾಮಿ ಯಾರು ಅಂತ ಹೇಳಕ್ಕಾಗುತ್ತಾ?" ಆಮೇಲೆ ಕಣ್ಣು ಕಿರಿದು ಮಾಡಿ, "ಕೋಬಾಲ್ಟು, ನಿಕ್ಕಲ್ಲು ನೋಡಿದ್ರಾ? ಅಲ್ಲೂ ತೂಕ ಹಿಂದುಮುಂದಿದೆ. ಆರ್ಗಾನು, ಪೊಟ್ಯಾಸಿಯಂ, ಅಲ್ಲೂ. ಅವು ನಿಮ್ಮ ಕಣ್ಣಿಗೆ ಬೀಳಲಿಲ್ವಾ?" ಎಂದು ಕೇಳಿದರು. ಬಿದ್ದಿರಲಿಲ್ಲ. ತಪ್ಪಲ್ಲದ ಒಂದನ್ನು ಹಿಡಿದು, ಅದೇ ಜಾತಿಯ ಇನ್ನೆರಡನ್ನು ಬಿಟ್ಟಿದ್ದಳು. "ಹಾಗಾದ್ರೆ ನಿಮ್ಮ ಕಣ್ಣೂ ನನ್ನ ಕೈಯ ಹಾಗೇ ಆಗ್ತಾ ಇದೆ," ಎಂದು ಅವರು ನಕ್ಕರು. ಅವಳಿಗೆ ನಗು ಬಂತು, ಅದರ ಜೊತೆಗೇ ಕಣ್ಣಲ್ಲಿ ನೀರೂ ಬಂತು. ಅವರು ಅದನ್ನು ನೋಡದವರಂತೆ ಕಂಬಿಗೆ ಕೈಚಾಚಿ "ಸ್ವಲ್ಪ ಎಬ್ಬಿಸಿ" ಎಂದರು. ಆ ಕೈ ಅವಳ ಕೈಯೊಳಗೆ ಹಕ್ಕಿಯ ಹಾಗೆ ನಡುಗುತ್ತಿತ್ತು. ಬಾಗಿಲ ತನಕ ಬಿಡದೆ ಹಿಡಿದುಕೊಂಡು ಹೋದಳು.

ಮೇಲೆ ಬಂದು ಮೇಜಿನ ಮುಂದೆ ಕೂತು ಆ ಎರಡು ಪುಟ ತೆಗೆದಳು. ಅವರು ಮೆಟ್ಟಿಲ ಮೇಲೆ ಹೇಳಿದ್ದೆಲ್ಲ ಅಲ್ಲಿತ್ತು, ಗಂಟೂ ಇತ್ತು, ಆಸಾಮಿಯೂ ಇದ್ದ. ಹಳೆಯ ಕರಡು ಹುಡುಕಿ ನೋಡಿದರೆ ಅದೇ ಪ್ಯಾರಾದಲ್ಲಿ ಅವಳ ಕೆಂಪು ಗುರುತು: 'ಸ್ವಭಾವ'ದ ಮಹಾಪ್ರಾಣ ಬಿಟ್ಟುಹೋಗಿದ್ದನ್ನು ಸೇರಿಸಿದ್ದಳು. ಆ ಪದವನ್ನು ಮುಟ್ಟಿದ್ದಾಳೆ, ಅದರ ಹೊಟ್ಟೆ ಸೀಳಿ ಒಂದು ಗೆರೆ ಎಳೆದಿದ್ದಾಳೆ, ಏನು ಹೇಳುತ್ತಿದೆಯೆಂದು ಕೇಳಿಲ್ಲ. ಎಷ್ಟು ವರ್ಷದಿಂದ ಹೀಗೆ? ಕೃಷಿಯ ಪುಸ್ತಕ, ಕಾನೂನಿನ ಪುಸ್ತಕ, ಯಾರೋ ಮಗಳು ಸತ್ತ ಮೇಲೆ ಬರೆದ ಪದ್ಯಗಳು, ಎಲ್ಲವೂ ಅವಳ ಕೈಯಿಂದ ದಾಟಿ ಹೋಗಿವೆ. ಮದುವೆಯಾದ ಹೊಸದರಲ್ಲಿ ಗಂಡ ಮೊದಲ ಸಲ ಊರಿಗೆ ಹೋದವನು ಅಲ್ಲಿಂದ ಫೋನು ಮಾಡಿ, ಮಾತು ಸಿಗದೆ ಒದ್ದಾಡಿ, "ನೀನಿಲ್ದೆ ನಂಗೆ ಬಹಳ ಬೇಜವಾಬ್ದಾರಿಯಾಗಿದೆ" ಎಂದಿದ್ದ. ಬೇಜಾರು ಅನ್ನಬೇಕಿತ್ತು. ಅವಳು ಅಕ್ಕನಿಗೆ ಹೇಳಿ ಹೇಳಿ ನಕ್ಕಿದ್ದಳು. ಇವತ್ತು ನೆನೆದರೆ ಆ ಪದದ ಆಚೆಗೆ, ತಂತಿಯ ಆ ತುದಿಯಲ್ಲಿ, ರಿಸೀವರನ್ನು ಗಟ್ಟಿಯಾಗಿ ಹಿಡಿದು ನಿಂತ ಒಬ್ಬ ಹರೆಯದ ಮನುಷ್ಯ ಕಾಣಿಸಿದ, ಎಷ್ಟೋ ವರ್ಷ ತಡವಾಗಿ.

ಮಾಲೀಕನ ಕೋಣೆಗೆ ಹೋಗಿ ಮೇಷ್ಟ್ರಿಗೆ ನಿಜ ಹೇಳಿದ್ದಾಗಿ ಹೇಳಿದಳು; ಕಂಪ್ಯೂಟರಿನ ಹೆಂಗಸಿಗೂ ಹೋಗಿ ಹೇಳಿದಳು. ಮಾಲೀಕ ಗದರಲಿಲ್ಲ. ತಲೆ ಕೆರೆದುಕೊಂಡು, ಎರಡು ಮನೆಗಳಷ್ಟು ಅಗಲದ ಸಣ್ಣ ಚೀಟಿ ಅಚ್ಚು ಹಾಕಿಸಿ ಪ್ರತಿಯೊಂದು ಪುಸ್ತಕದಲ್ಲೂ ಮೇಲೆ ಅಂಟಿಸುವುದೊಂದೇ ದಾರಿ ಎಂದ. "ಮೊದಲ ಕಂತು ನಾಳೆ ಬೆಳಿಗ್ಗೆ ಹೋಗ್ಬೇಕು. ಬೈಂಡಿಂಗಿನವರು ಬೇರೆ ಕೆಲಸದಲ್ಲಿದಾರೆ." "ನಾನು ಕೂರ್ತೀನಿ," ಎಂದಳು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಚೀಟಿಗಳು ಬಂದವು. ಅವಳು ಗಂಡನಿಗೆ ಫೋನು ಮಾಡಿ "ನಂಗೂ ತಡ ಆಗುತ್ತೆ" ಎಂ‍ದಳು. ಅವನು "ಆಯ್ತು" ಎಂದ, ಒದ್ದೆ ನೆಲದ ಮೇಲಿನ ಅದೇ ಹೆಜ್ಜೆ. ಫೋನು ಇಟ್ಟುಬಿಡುವವನಿದ್ದ. "ರೀ," ಎಂದಳು. "ನಾನೊಂದು ದೊಡ್ಡ ತಪ್ಪು ಮಾಡಿದೀನಿ." ಆ ಕಡೆ ಇಸ್ತ್ರಿಪೆಟ್ಟಿಗೆ ಬುಸ್ಸೆಂದು ಉಸಿರು ಬಿಟ್ಟದ್ದು ಕೇಳಿಸಿತು, ಆಮೇಲೆ ಅವನ ಧ್ವನಿ, ಈ ಸಲ ನೋಡದೆ ಕಾಲಿಟ್ಟಂತೆ, "ಏನಾಯ್ತೇ? ಹುಷಾರಾಗಿದೀಯಾ? ಎಲ್ಲಿದೀಯಾ?"

ಅವನು ಮುದ್ರಣಾಲಯದ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಅಂಗಡಿ ಬೇಗ ಮುಚ್ಚಿ, ಪರದೆಗಳನ್ನು ನಾಳೆಗೆ ಹಾಕಿ ಬಂದಿದ್ದ. ಅಂಗಿಯಿಂದ ಬಿಸಿ ಬಟ್ಟೆಯ ವಾಸನೆ. ಅವಳು ಪುಸ್ತಕ ಬಿಚ್ಚಿಟ್ಟು ನಡೆದದ್ದೆಲ್ಲ ಹೇಳಿದಳು, ಮೇಷ್ಟ್ರ ನಡುಗುವ ಕೈ, ಕನ್ನಡಿಯ ಮುಂದೆ ಕೂದಲು ಸರಿಮಾಡಿಕೊಂಡದ್ದು, ಒಂದನ್ನೂ ಬಿಡದೆ. ಅವನು ನಗುತ್ತಾನೇನೋ ಎಂದು ನೋಡಿದಳು. ಅವನು ಚೀಟಿಯೊಂದನ್ನು ಬೆಳಕಿಗೆ ಹಿಡಿದು "ಅಂಟು ತೆಳ್ಳಗಿರ್ಬೇಕು, ಇಲ್ದಿದ್ರೆ ಕಾಗದ ಸುಕ್ಕಾಗುತ್ತೆ" ಎಂದ. ಇಬ್ಬರೂ ಎದುರುಬದುರು ಕೂತರು. ಅವಳು ಪುಟ ತೆರೆದು ಕೊಡುವುದು, ಅವನು ಅಂಟಿಸಿ ಮುಷ್ಟಿಯ ಮಗ್ಗುಲಿನಿಂದ ಒತ್ತಿ ನೀವುವುದು, ಕಾಲರು ನೀವಿದ ಹಾಗೆ. ಐವತ್ತೆರಡರಲ್ಲಿ ಟೆಲ್ಲೂರಿಯಂ, ಐವತ್ತಮೂರರಲ್ಲಿ ಅಯೋಡಿನ್, ಕಟ್ಟಿನ ಮೇಲೆ ಕಟ್ಟು. ಒಂದು ಹೊತ್ತಿನಲ್ಲಿ ಅವನು ಕೋಷ್ಟಕದ ಅಡಿಗೆ ಬೆರಳಿಟ್ಟು, "ಈ ಎರಡು ಸಾಲನ್ನ ಯಾಕೆ ಕೆಳಗೆ ಬೇರೆ ಇಟ್ಟಿದಾರೆ? ಮನೆಯಿಂದ ಹೊರಗೆ ಹಾಕಿದ ಹಾಗೆ?" ಎಂದು ಕೇಳಿದ. ಅವಳು ನೋಡಿದಳು. "ಗೊತ್ತಿಲ್ಲ," ಎಂದಳು. ಅವನು ಅವಳ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ, ಅಲ್ಲೇನೋ ಹೊಸದಾಗಿ ಮೂಡಿದಂತೆ. "ಅಗಲ ಸಾಲದೆ ಕೆಳಗೆ ತಂದಿರ್ತಾರೆ ಬಿಡು," ಎಂದ. "ನಾವು ದೊಡ್ಡ ಕಂಬಳಿಗಳನ್ನ ಕೆಳಗಿನ ಹಲಗೆ ಮೇಲೆ ಇಡ್ತೀವಲ್ಲ. ಕೆಳಗಿದೆ ಅಂತ ಬೇರೆ ಅಂಗಡಿದಲ್ಲ." ಇದ್ದರೂ ಇರಬಹುದು. ನಾಳೆ ಮೇಷ್ಟ್ರಿಗೆ ಫೋನು ಮಾಡಬೇಕು.

"ರೀ, ಆ ಕೋಟು," ಎಂದಳು ಪುಟ ತಿರುವುತ್ತಾ. "ಆಮೇಲೆ ಏನಾಯ್ತು?"

ಅವನ ಕೈ ನಿಂತಿತು. "ಯಾವ ಕೋಟು?" ಎಂದ, ಗೊತ್ತಿದ್ದೂ.  ಅವನು ಚೀಟಿಗೆ ಅಂಟು ಸವರಿ, ಸವರಿ, ಕೊನೆಗೆ, "ಹದಿನೈದು ವರ್ಷದ ಹಿಂದೆ ಕೊಟ್ಟು ಹೋದ್ರು, ನೀಲಿ ಕೋಟು," ಎಂದು ಶುರು ಮಾಡಿ, ರೆಪ್ಪೆಯೆತ್ತಿ ಅವಳನ್ನು ನೋಡಿದ. ಅವಳು ಮುಂದಿನ ಪುಸ್ತಕ ಬಿಚ್ಚಿ ಅವನ ಮುಂದೆ ಇಟ್ಟಳು. "ಬಹಳ ದಿನ ಬರಲೇ ಇಲ್ಲ. ಆಮೇಲೊಂದು ದಿನ ಬಂದ್ರು, ಹಾಕ್ಕೊಂಡು ನೋಡಿದ್ರೆ ಗುಂಡಿ ಸೇರ್ತಾ ಇಲ್ಲ, ಇಷ್ಟು ದಪ್ಪ ಆಗಿದಾರೆ. ಇಬ್ಬರೂ ನಕ್ಕಿದ್ದೇ ನಕ್ಕಿದ್ದು. ಇಲ್ಲೇ ಇರ್ಲಿ, ನಾನು ಸಣ್ಣ ಆಗಿ ಬಂದು ತಗೊಂಡು ಹೋಗ್ತೀನಿ ಅಂದ್ರು. ಆಮೇಲೆ ಆಗಾಗ ಬರೋರು. ಹಾಕ್ಕೊಳ್ಳೋರು, ಹೊಟ್ಟೆ ಒಳಗೆ ಎಳ್ಕೊಳ್ಳೋರು, ಆಗ್ಲಿಲ್ಲ ಅಂತ ಬಿಚ್ಚಿ ಕೊಟ್ಟು, ಟೀ ಕುಡಿದು ಹೋಗೋರು. ನಾನೂ ಸುಮ್ನೆ ಒಗೆದು ಇಸ್ತ್ರಿ ಮಾಡಿ ಇಡೋನು. ಹೋದ ವಾರ ಬಂದ್ರು. ಹಾಕ್ಕೊಂಡ್ರು." ಅವನು ಚೀಟಿಯನ್ನು ಜಾಗಕ್ಕೆ ಇಟ್ಟು ಒತ್ತಿದ. "ಗುಂಡಿ ಹಾಕ್ಕೊಳ್ತು. ಎಲ್ಲಾ ಗುಂಡೀನೂ. ಇನ್ನೂ ಎರಡು ಬೆರಳು ಜಾಗ ಇತ್ತು. ಕನ್ನಡಿ ನೋಡ್ಕೊಂಡು, ನೋಡಿದ್ರಾ ಗೆದ್ದೆ ಅಂದ್ರು. ನಾನು ಏನೂ ಅನ್ನಲಿಲ್ಲ ಕಣೇ. ಕತ್ತು ಹೇಗಿತ್ತು ಗೊತ್ತಾ, ಕಾಲರೊಳಗೆ ಇಷ್ಟೇ ಇಷ್ಟು. ಹಾಕ್ಕೊಂಡೇ ಹೋದ್ರು. ಟೀ ಬೇಡ ಅಂದ್ರು." ಯಂತ್ರ ಯಾವಾಗಲೋ ನಿಂತಿತ್ತು. "ಭಾನುವಾರ ಯಾರಿಗಾದ್ರೂ ಹೇಳ್ಬೇಕು ಅನ್ನಿಸ್ತು ನಂಗೆ," ಎಂದ.

ಅವಳು ಮೇಜಿನ ಮೇಲೆ ಕೈ ಚಾಚಿ, ಅಂಟು ಮೆತ್ತಿದ ಅವನ ಬೆರಳುಗಳ ಮೇಲೆ ಇಟ್ಟಳು. ಇಬ್ಬರ ಬೆರಳುಗಳೂ ಅಂಟಿಕೊಂಡವು, ಬಿಡಿಸಿಕೊಳ್ಳುವಾಗ ಚಟ್ ಎಂದಿತು, ಇಬ್ಬರೂ ನಕ್ಕರು. "ಮನೆ ಗೊತ್ತಾ ಅವರದು?" ಎಂದಳು. "ಸೇತುವೆ ದಾಟಿದ ಮೇಲೆ. ಔಷಧಿ ಅಂಗಡಿ ಮಹಡಿ." "ಇದು ಮುಗಿಸಿ ಹೋಗೋಣ." "ಈಗ್ಲೇನಾ?" "ಇನ್ನೂ ಕತ್ತಲೂ ಆಗಿಲ್ಲ."

ಕೊನೆಯ ಕಟ್ಟಿಗೆ ದಾರ ಬಿಗಿದು, ಕೈ ತೊಳೆದು, ಹೊರಟರು. ದಾರಿಯುದ್ದಕ್ಕೂ ಅವನು ಮಾತಾಡಿದ. ಯಾರ ಪರದೆಗಳು, ಆ ಮನೆಯಾಕೆ ಏನಂದಳು, ಸೇತುವೆಯನ್ನು ಯಾವ ವರ್ಷ ಕಟ್ಟಿದರು. ಆ ವರ್ಷ ತಪ್ಪೋ ಸರಿಯೋ ಅವಳು ಯೋಚಿಸಲಿಲ್ಲ, ಕೆಳಗೆ ನೀರು ತೀರ ನಿಧಾನವಾಗಿ ಹೋಗುತ್ತಿತ್ತು, ಅವನ ಹೆಜ್ಜೆಗೆ ಹೆಜ್ಜೆ ಹಾಕುವುದಷ್ಟೇ ಅವಳಿಗೆ ಸಾಕಿತ್ತು. ಔಷಧಿ ಅಂಗಡಿಯ ಪಕ್ಕದ ಕಿರುಮೆಟ್ಟಿಲು ಹತ್ತಿ ಬಾಗಿಲು ತಟ್ಟಿದರು. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಸೆಕೆಯಲ್ಲೂ ಕೋಟು ತೊಟ್ಟ ತೆಳ್ಳಗಿನವರೊಬ್ಬರು ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು. ಗಂಡನನ್ನು ನೋಡಿ ಅವರ ಮುಖ ಅರಳಿತು. "ಓ, ಏನು, ಕೋಟು ವಾಪಸು ಕೇಳೋಕೆ ಬಂದ್ರಾ?" ಎಂದರು. ಆಮೇಲೆ ಅವಳ ಕಡೆ ನೋಡಿ, "ಇವರು?" ಎಂದರು.

"ನಮ್ಮನೆಯವರು," ಎಂದ ಗಂಡ. ಒಂದು ಗಳಿಗೆಯೂ ತಡೆಯದೆ, ಹೆಮ್ಮೆಯಿಂದ ಹೇಳಿದ, "ಪ್ರೆಸ್ಸಲ್ಲಿ ಪುಸ್ತಕ ಓದ್ತಾರೆ."

ಓದೋದಲ್ಲ, ತಿದ್ದೋದು ಎನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂತು. ಅವಳು ತಲೆಬಾಗಿ, ಕೋಟಿನವರು ಬಿಟ್ಟುಕೊಟ್ಟ ಜಾಗದಲ್ಲಿ ಒಳಗೆ ಹೋದಳು.